ರೀಸೆಟ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಚೆನ್ನಾಗಿ ಓಡಿತು ಅಂದರೆ ಸಾಫ್ಟ್‌ವೇರ್ ದೋಷ ಅಂತಲೇ ಅರ್ಥವಲ್ಲ

ದಯವಿಟ್ಟು ಇನ್ನೊಂದು ಸಲ ರೀಸೆಟ್ ಮಾಡಬೇಡಿ. ಮೊದಲು ಇದನ್ನು ಓದಿ.

ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್. ಮೊದಲು ನಿಧಾನವಾಯಿತು, ಆಮೇಲೆ ಹ್ಯಾಂಗ್ ಆಗತೊಡಗಿತು, ಆಗಾಗ ನೀಲಿ ಪರದೆ (ವಿಂಡೋಸ್ ದೋಷ ತೋರಿಸಿ ನಿಂತುಬಿಡುವುದು). ರೀಸೆಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದಿರಿ, ಸರಿಹೋಯಿತು, ಈಗ ಮತ್ತೆ ಅದೇ ಕಾಟ. ಮತ್ತೆ ರೀಸೆಟ್ ಮಾಡಲೋ, ರ್‍ಯಾಮ್ ಹಾಕಿಸಲೋ, ಹೊಸದೇ ತಗೊಳ್ಳಲೋ ಅಂತ ಕೇಳಿದ್ದೀರಿ. ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಆಗ ಈ ಮೂರರಲ್ಲಿ ಒಂದನ್ನು ಆರಿಸಲು ಹೋಗಿ ಕೆಟ್ಟೆ.

ಆಗ ನಾನು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ. ಜನರನ್ನು ಭೇಟಿಯಾಗಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡ ಆಡಿಯೋ ಎಲ್ಲವೂ ಲ್ಯಾಪ್‌ಟಾಪಿನಲ್ಲಿತ್ತು. ಅದು ಕೈಕೊಡಲು ಶುರುವಾದದ್ದು ಹೀಗೆ: ಮೌಸ್ ಬಾಣ ಓಡಾಡುತ್ತದೆ, ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ತೆರೆದಿದ್ದ ಕಿಟಕಿ ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಅಷ್ಟೂ ಕ್ಲಿಕ್ಕುಗಳು ಒಟ್ಟಿಗೇ ಕೆಲಸ ಮಾಡುತ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು ಸುಮ್ನೆ ಕೂತಿದೆ, ಮೆಮೊರಿ (ರ್‍ಯಾಮ್) ಅರ್ಧ ಖಾಲಿ, ಡಿಸ್ಕ್ ಮಾತ್ರ 100%.

ಆ 100% ನೋಡಿ ನಾನು ಅಂದುಕೊಂಡದ್ದು, ಯಾವುದೋ ಪ್ರೋಗ್ರಾಂ ಡಿಸ್ಕನ್ನು ಜಾಸ್ತಿ ದುಡಿಸುತ್ತಿದೆ ಅಂತ. ಫೈಲ್ ಹುಡುಕಾಟಕ್ಕೆ ಪಟ್ಟಿ ಮಾಡುವ ಇಂಡೆಕ್ಸಿಂಗ್ ನಿಲ್ಲಿಸಿದೆ, ಆಂಟಿವೈರಸ್ ತೆಗೆದೆ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳನ್ನು ಒಂದೊಂದಾಗಿ ಆಫ್ ಮಾಡಿದೆ. ಅದೇ ಪುಟದಲ್ಲಿ ಓದು-ಬರಹದ ವೇಗವೂ ಇರುತ್ತದೆ, ಅದನ್ನು ನೋಡಲೇ ಇಲ್ಲ. ಡಿಸ್ಕ್ 100% ಇದ್ದು ವೇಗವೂ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ ಯಾರೋ ನಿಜವಾಗಿ ಕೆಲಸ ಕೊಟ್ಟಿದ್ದಾರೆ ಎಂದರ್ಥ. ಡಿಸ್ಕ್ 100%, ವೇಗ ಮಾತ್ರ ಕೆಲವೇ ಕೆಬಿ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಆಗಿದ್ದರೆ ಆ ಡಿಸ್ಕ್ ಯಾವುದೋ ಒಂದು ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಒದ್ದಾಡುತ್ತಿರಬಹುದು. ನಿಮ್ಮದು ಹ್ಯಾಂಗ್ ಆದಾಗ ಮೊದಲು ಈ ಮೂರು ಸಂಖ್ಯೆಗಳನ್ನು ನೋಡಿ.

ನೀಲಿ ಪರದೆಯ ಮೇಲೆ 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಅಂತ ಬರುತ್ತಿತ್ತು. ಡಿಸ್ಕಿನಿಂದ ತರಬೇಕಾದ ಮಾಹಿತಿ ತರಲಾಗಲಿಲ್ಲ ಅಂತ ವಿಂಡೋಸ್ ಹೇಳುವ ರೀತಿ ಅದು. ಡಿಸ್ಕ್, ಅದರ ಕೇಬಲ್, ಕೆಲವೊಮ್ಮೆ ರ್‍ಯಾಮ್, ಇವುಗಳ ಕಡೆ ಬೆರಳು ತೋರಿಸುತ್ತದೆ. ಆದರೆ ನೀಲಿ ಪರದೆ ಅಂದರೆ ರ್‍ಯಾಮ್ ಅಂತ ಪರಿಚಯದವರೊಬ್ಬರು ಹೇಳಿದರು. ರ್‍ಯಾಮ್ ಬದಲಾಯಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಕೊನೆಗೆ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಂಡು, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದೆ.

ಲ್ಯಾಪ್‌ಟಾಪ್ ಹೊಸದರಂತೆ ಓಡಿತು. ನಾನು ಎಡವಿದ್ದು ಅಲ್ಲೇ. ಫಾರ್ಮ್ಯಾಟ್ ಮಾಡಿದ್ದಕ್ಕೆ ಸರಿಹೋಯಿತು, ಅಂದಮೇಲೆ ಸಾಫ್ಟ್‌ವೇರ್ ದೋಷವೇ ಆಗಿತ್ತು, ಈಗ ಅದು ಹೋಯಿತು ಅಂತ ತೀರ್ಮಾನ ಮಾಡಿಬಿಟ್ಟೆ. ಫೈಲುಗಳನ್ನು ಅದೇ ಡಿಸ್ಕಿಗೆ ವಾಪಸ್ ತುಂಬಿದೆ. ಹೊರಗಿನ ಡಿಸ್ಕನ್ನು ಮನೆಯಲ್ಲಿ ಇನ್ನೊಬ್ಬರು ಕೇಳಿದರು ಅಂತ ಖಾಲಿ ಮಾಡಿ ಕೊಟ್ಟೆ.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀವೂ ಅದೇ ತೀರ್ಮಾನದ ಹತ್ತಿರ ಇದ್ದೀರಿ. ಕೆಡುತ್ತಿರುವ ಡಿಸ್ಕ್ ಫಾರ್ಮ್ಯಾಟ್ ಆದ ಮೇಲೆ ಯಾಕೆ ಸುಧಾರಿಸಿದಂತೆ ಕಾಣುತ್ತದೆ? ಹಾರ್ಡ್ ಡಿಸ್ಕ್ ಸೆಕ್ಟರ್ ಎಂಬ ಸಣ್ಣ ಸಣ್ಣ ತುಂಡುಗಳಲ್ಲಿ ಮಾಹಿತಿ ಇಡುತ್ತದೆ. ಒಂದು ಸೆಕ್ಟರ್ ಓದಲು ಬರದಿದ್ದರೆ ಡಿಸ್ಕ್ ಅದನ್ನು ಕೂಡಲೇ ಎಸೆಯುವುದಿಲ್ಲ. ಅದರಲ್ಲಿ ನಿಮ್ಮ ಮಾಹಿತಿ ಇದೆಯಲ್ಲ, ಅದಕ್ಕೇ ಮತ್ತೆ ಮತ್ತೆ ಓದಲು ನೋಡುತ್ತದೆ, ಅನುಮಾನದ ಪಟ್ಟಿಗೆ ಸೇರಿಸಿಡುತ್ತದೆ. ಈ ಒದ್ದಾಟವೇ ನಮಗೆ ಹ್ಯಾಂಗ್ ಆಗಿ ಕಾಣುವುದು. ಆ ಸೆಕ್ಟರಿನ ಮೇಲೆ ಹೊಸದಾಗಿ ಏನಾದರೂ ಬರೆದಾಗ ಮಾತ್ರ ಡಿಸ್ಕಿಗೆ ಬಿಡುಗಡೆ. ಹಳೆಯ ಮಾಹಿತಿ ಇನ್ನು ಬೇಕಾಗಿಲ್ಲವಲ್ಲ. ಬರೆದದ್ದು ನಿಂತರೆ ಸೆಕ್ಟರನ್ನು ಪಟ್ಟಿಯಿಂದ ತೆಗೆಯುತ್ತದೆ. ನಿಲ್ಲದಿದ್ದರೆ ಅದರ ಬದಲಿಗೆ, ಕಾದಿರಿಸಿದ ಬಿಡಿ ಜಾಗದಿಂದ ಒಂದು ಸೆಕ್ಟರ್ ಕೊಡುತ್ತದೆ.

ಪೂರ್ತಿ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಬರೆಯುತ್ತದೆ. ಹಾಗಾಗಿ ಅನುಮಾನದ ಪಟ್ಟಿ ಒಂದೇ ಏಟಿಗೆ ಖಾಲಿಯಾಗಬಹುದು. ಕ್ವಿಕ್ ಫಾರ್ಮ್ಯಾಟ್ ಅಷ್ಟನ್ನೂ ಮಾಡುವುದಿಲ್ಲ. ಹೊಸ ವಿಂಡೋಸ್ ಫೈಲುಗಳು ಬೇರೆ ಜಾಗದಲ್ಲಿ ಹೋಗಿ ಕೂರಬಹುದು, ಕೆಟ್ಟ ಜಾಗವನ್ನು ಯಾರೂ ಮುಟ್ಟುವುದಿಲ್ಲ, ಅಷ್ಟೇ. ಸೋರುವ ಮನೆಯಲ್ಲಿ ಮಂಚ ಸರಿಸಿ ಮಲಗಿದ ಹಾಗೆ. ದಿನ ಕಳೆದಂತೆ ಡಿಸ್ಕ್ ತುಂಬುತ್ತದೆ, ಫೈಲುಗಳು ಆ ಜಾಗದವರೆಗೂ ಬರುತ್ತವೆ. ಈ ನಡುವೆ ಕೆಟ್ಟ ಜಾಗವೂ ಬೆಳೆದಿರುತ್ತದೆ. ಸ್ವಲ್ಪ ದಿನ ಸರಿ ಇದ್ದು ಮತ್ತೆ ಶುರುವಾಯಿತು ಅಂತ ನೀವು ಬರೆದದ್ದು ಓದಿ ನನಗೆ ಭಯವಾದದ್ದು ಇದಕ್ಕೇ.

ಒಂದು ರಾತ್ರಿ ಆಡಿಯೋ ಫೋಲ್ಡರ್ ತೆರೆಯಲಿಲ್ಲ. ರೀಸ್ಟಾರ್ಟ್ ಮಾಡಿದೆ. ಬೂಟ್ ಮಾಡಲು ಡಿಸ್ಕೇ ಇಲ್ಲ ಅಂತ ಬಂತು. ಒಳಗಿನಿಂದ ಟಿಕ್ ಟಿಕ್ ಸದ್ದು. ಡೇಟಾ ರಿಕವರಿ ಮಾಡುವವರಿಗೆ ಕೊಟ್ಟೆ. ಕೆಲವು ಫೈಲುಗಳು ಬಂದವು, ಹೆಚ್ಚಿನವು ಅರ್ಧಂಬರ್ಧ. ಕೆಲವರನ್ನು ಮತ್ತೆ ಹೋಗಿ ಮಾತಾಡಿಸಿದೆ. ಅವರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಾತು ಪ್ರಬಂಧದಲ್ಲಿ ಇಲ್ಲ.

ಹಾಗಾಗಿ ಹಾರ್ಡ್‌ವೇರೋ ಸಾಫ್ಟ್‌ವೇರೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಮೊದಲಿಗೆ ಇಡುವುದಿಲ್ಲ. ಮೊದಲು ಫೈಲುಗಳನ್ನು ಹೊರಗೆ ತನ್ನಿ. ಮತ್ತೆ ಸಿಗದಂಥವು ಮೊದಲು: ನೀವೇ ಬರೆದದ್ದು, ಫೋಟೋ, ರೆಕಾರ್ಡಿಂಗ್. ಸಿನಿಮಾ, ಇನ್‌ಸ್ಟಾಲರ್ ಆಮೇಲೆ ನೋಡಿಕೊಳ್ಳಬಹುದು. ಯಾವುದಾದರೂ ಫೈಲ್ ಕಾಪಿ ಆಗುವಾಗ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ಡಿಸ್ಕ್ ತೀರಾ ಒದ್ದಾಡುತ್ತಿದ್ದರೆ, ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಕಾಪಿ ಮುಗಿಯುವ ತನಕ ವಿಂಡೋಸಿನ 'ಚೆಕ್‌ಡಿಸ್ಕ್' ಓಡಿಸಬೇಡಿ. ಅದರ ಪೂರ್ತಿ ಸ್ಕ್ಯಾನ್ ಇಡೀ ಡಿಸ್ಕನ್ನು ಜಾಲಾಡುತ್ತದೆ, ಫೈಲ್ ಸಿಸ್ಟಂ ತಿದ್ದುತ್ತದೆ. ಕೊನೆಯುಸಿರು ಎಳೆಯುತ್ತಿರುವ ಡಿಸ್ಕಿಗೆ ಆ ಶ್ರಮ ಕೊಡುವುದು ತಪ್ಪು. ಇದನ್ನೇ ಮೊದಲ ಮದ್ದು ಅಂತ ಹೇಳುವವರು ಬಹಳ, ನಾನು ಒಪ್ಪುವುದಿಲ್ಲ.

ಆಮೇಲೆ ಪರೀಕ್ಷೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಸ್ಮಾರ್ಟ್ ಅಂತ ಅದರ ಹೆಸರು. ಅದನ್ನು ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂ ಹಾಕಿ ನೋಡಿ. ಹಾರ್ಡ್ ಡಿಸ್ಕ್ ಆದರೆ ಮೂರು ಸಾಲು ಮುಖ್ಯ: 05, ಸಿ5, ಸಿ6. 05 ಅಂದರೆ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು, ಸಿ5 ಅಂದರೆ ಅನುಮಾನದ ಪಟ್ಟಿ, ಸಿ6 ಅಂದರೆ ಸರಿಪಡಿಸಲಾಗದವು. ಕಚ್ಚಾ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ವೇಗದ ಡಿಸ್ಕ್) ಆದರೆ ಈ ಸಾಲುಗಳು ಇರುವುದಿಲ್ಲ, 'ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಮತ್ತು 'ಅವೈಲಬಲ್ ಸ್ಪೇರ್' ನೋಡಬೇಕು. ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಬಯೋಸ್ 'ಸ್ಮಾರ್ಟ್ ಓಕೆ' ಅಂದರೆ ನೆಮ್ಮದಿ ಪಡಬೇಡಿ. ತಯಾರಕರು ಇಟ್ಟ ಮಿತಿ ದಾಟುವವರೆಗೂ ಅದು ಓಕೆ ಅಂತಲೇ ಹೇಳುತ್ತಿರುತ್ತದೆ. ನನ್ನದೂ ಓಕೆ ಅನ್ನುತ್ತಲೇ ಹೋಯಿತು.

2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದ್ದರು. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನೇ ಜಾಲಾಡುವಾಗ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ, ಅಂಥ ದೋಷ ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ. ಅದರಲ್ಲೇ ಇನ್ನೊಂದು ಮಾತೂ ಇದೆ. ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಅವರು ಗುರುತಿಸಿದ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದರೆ ಈ ಸಂಖ್ಯೆಗಳು ಏರಿದ್ದರೆ ನಂಬಿ. ಸೊನ್ನೆ ಇದ್ದರೆ ಅಷ್ಟಕ್ಕೇ ಡಿಸ್ಕ್ ಚೆನ್ನಾಗಿದೆ ಅನ್ನಬೇಡಿ. ನೀವಂತೂ ಒಮ್ಮೆ ರೀಸೆಟ್ ಮಾಡಿದ್ದೀರಿ. ಸಿ5 ಖಾಲಿಯಾಗಿ, 05 ಮಾತ್ರ ಏರಿ ನಿಂತಿರಬಹುದು. ಅದೂ ಕೆಟ್ಟ ಸುದ್ದಿಯೇ.

ಪೆನ್ ಡ್ರೈವಿನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಓಡಿಸಿ ನೋಡಿ ಅಂತಲೂ ಹೇಳುತ್ತಾರೆ. ಒಳ್ಳೆಯ ಪರೀಕ್ಷೆ, ವಿಂಡೋಸ್ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲೂ ಹ್ಯಾಂಗ್ ಆದರೆ ರ್‍ಯಾಮ್, ಬಿಸಿ, ಬೋರ್ಡ್ ಕಡೆ ಅನುಮಾನ ಹೋಗುತ್ತದೆ. ಆದರೆ ಅಲ್ಲಿ ಚೆನ್ನಾಗಿ ಓಡಿತು, ಹಾಗಾದರೆ ವಿಂಡೋಸಿನದೇ ತಪ್ಪು ಅನ್ನುತ್ತಾರಲ್ಲ, ಅದು ನಾನು ಬಿದ್ದ ಹಳ್ಳವೇ. ಲೈವ್ ಲಿನಕ್ಸ್ ಒಳಗಿನ ಡಿಸ್ಕನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಕೆಟ್ಟ ಡಿಸ್ಕ್ ಇದ್ದರೂ ಅದು ಸಲೀಸಾಗಿ ಓಡುತ್ತದೆ. ಲೈವ್‌ನಲ್ಲಿ ಕೂತು ಒಳಗಿನ ಡಿಸ್ಕಿನ ದೊಡ್ಡ ಫೈಲುಗಳನ್ನು ಹೊರಗೆ ಕಾಪಿ ಮಾಡಿ, ವೇಗ ಎಲ್ಲಿ ಕುಸಿಯುತ್ತದೆ ನೋಡಿ. ಆಗ ಡಿಸ್ಕಿನ ಬಣ್ಣ ಗೊತ್ತಾಗುತ್ತದೆ. ಇದಕ್ಕೆ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯಾ ನೋಡಿಕೊಳ್ಳಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಲಿನಕ್ಸ್‌ನಿಂದ ಆ ಫೈಲುಗಳು ತೆರೆಯುವುದಿಲ್ಲ.

ಬೇರೆ ಭಾಗಗಳ ಬಗ್ಗೆ ಚಿಕ್ಕದಾಗಿ. ರ್‍ಯಾಮ್ ದೋಷದಲ್ಲಿ ಪ್ರತಿ ಸಲ ಬೇರೆ ಬೇರೆ ಹೆಸರಿನ ನೀಲಿ ಪರದೆ ಬರುವುದು ಹೆಚ್ಚು. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ, ಒಂದು ದೋಷ ಕಂಡರೂ ಅದನ್ನು ಕಡೆಗಣಿಸಬೇಡಿ. ಬಿಸಿಯಾದರೆ ಮೊದಲು ಫ್ಯಾನ್ ಕಿರುಚುತ್ತದೆ, ಸಿಪಿಯು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ತೀರಾ ಮಿತಿ ಮೀರಿದರೆ ನೀಲಿ ಪರದೆಯೂ ಇಲ್ಲದೆ ಪಟ್ಟನೆ ಆಫ್ ಆಗುತ್ತದೆ. ಚಾರ್ಜರ್ ಹಾಕಿದಾಗ ಮಾತ್ರ ಆಮೆಯಂತಾಗಿ, ತೆಗೆದರೆ ಸರಿಹೋದರೆ ಚಾರ್ಜರನ್ನೇ ಅನುಮಾನಿಸಿ. ಚಾರ್ಜರ್ ತನಗೆ ತಕ್ಕದ್ದಲ್ಲ ಅಂತ ಕಂಡರೆ ಕೆಲವು ಲ್ಯಾಪ್‌ಟಾಪುಗಳು ಸಿಪಿಯು ವೇಗವನ್ನು ಕಟ್ಟಿಹಾಕುತ್ತವೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಇನ್ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ, ತಿಳಿದವರ ಕೈಯಲ್ಲಿ ಬ್ಯಾಟರಿ ತೆಗೆಸಿ.

ಸಾಫ್ಟ್‌ವೇರ್ ದೋಷ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಆ ಯಂತ್ರಗಳ ಹಾರ್ಡ್‌ವೇರಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್‌ಗೆ (ವಿಂಡೋಸ್ ಅಗತ್ಯವಾದಷ್ಟನ್ನು ಮಾತ್ರ ಓಡಿಸುವ ಸ್ಥಿತಿ) ಹೋಗಿ ಆ ಅಪ್‌ಡೇಟ್‌ನ ಫೈಲ್ ಅಳಿಸಿದರೆ ಯಂತ್ರ ಎದ್ದು ನಿಲ್ಲುತ್ತಿತ್ತು. ಸಾಫ್ಟ್‌ವೇರ್ ದೋಷಕ್ಕೆ ಸಾಮಾನ್ಯವಾಗಿ ಹೀಗೊಂದು ಶುರುವಾದ ದಿನ ಇರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಅಂತ ಹುಡುಕಿ. ಯಾವ ದಿನ ಏನು ಕೆಟ್ಟಿತು, ಆ ದಿನ ಯಾವ ಅಪ್‌ಡೇಟ್, ಯಾವ ಡ್ರೈವರ್ (ಬಿಡಿಭಾಗ ನಡೆಸುವ ಸಾಫ್ಟ್‌ವೇರ್) ಬಂತು, ಎಲ್ಲ ಒಂದೇ ಪುಟದಲ್ಲಿ ಕಾಣುತ್ತದೆ. ಒಂದೇ ಡ್ರೈವರಿನ ಹೆಸರು ಪದೇ ಪದೇ ಬಂದು, ಸೇಫ್ ಮೋಡ್‌ನಲ್ಲಿ ತೊಂದರೆ ಮಾಯವಾದರೆ ಆ ಡ್ರೈವರನ್ನು ಹಿಂದಕ್ಕೆ ತೆಗೆದು ನೋಡಿ.

ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದವರೆಲ್ಲ 'ಕರ್ನಲ್ ಪವರ್ 41' ನೋಡಿ ಗಾಬರಿಯಾಗುತ್ತಾರೆ. ಅದು ಹೇಳುವುದು, ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ ಮಾತ್ರ. ಹ್ಯಾಂಗ್ ಆದಾಗ ನೀವು ಪವರ್ ಬಟನ್ ಒತ್ತಿ ಹಿಡಿದಿದ್ದಕ್ಕೂ ಅದೇ ಬರುತ್ತದೆ. 'ಡಿಸ್ಕ್' ಹೆಸರಿನಲ್ಲಿ 7ನೇ ಸಂಖ್ಯೆಯ ಈವೆಂಟ್, 'ವ್ಹೀಯಾ ಲಾಗರ್' ಹೆಸರಿನಲ್ಲಿ ಏನಾದರೂ ಇದೆಯಾ ನೋಡಿ. ಮೊದಲನೆಯದು ಕೆಟ್ಟ ಸೆಕ್ಟರಿನದು, ಎರಡನೆಯದು ಹಾರ್ಡ್‌ವೇರೇ ಕೊಟ್ಟ ದೂರು.

ನೀವು ಕೇಳಿದ ಮೂರಕ್ಕೂ ನನ್ನ ಉತ್ತರ ಇಷ್ಟು. ರೀಸೆಟ್ ಬೇಡ. ಮೆಮ್‌ಟೆಸ್ಟ್ ದೋಷ ತೋರಿಸದೆ ರ್‍ಯಾಮ್ ಬೇಡ. ಹೊಸ ಲ್ಯಾಪ್‌ಟಾಪೂ ಬೇಡ, ಕನಿಷ್ಠ ಈಗಲೇ ಬೇಡ. ಹಾರ್ಡ್ ಡಿಸ್ಕ್ ತೆಗೆದು ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವಂಥದ್ದು) ಹಾಕಿಸಿ, ಅದರ ಮೇಲೆ ವಿಂಡೋಸ್ ಹೊಸದಾಗಿ ಹಾಕಿ. ಹಳೇ ಡಿಸ್ಕಿನ ತದ್ರೂಪು ನಕಲು ಬೇಡ, ಕೆಟ್ಟ ಫೈಲುಗಳೂ ಜೊತೆಗೇ ಬಂದುಬಿಡುತ್ತವೆ. ಡಿಸ್ಕ್ ಕೆಟ್ಟಿಲ್ಲ ಅಂತಾದರೂ ಈ ಖರ್ಚು ದಂಡವಾಗುವುದಿಲ್ಲ. ಇವತ್ತಿನ ವಿಂಡೋಸಿಗೆ ಹಾರ್ಡ್ ಡಿಸ್ಕಿನ ವೇಗ ಸಾಲುವುದಿಲ್ಲ.

ಫೈಲುಗಳು ಹೊರಗೆ ಬಂದ ಮೇಲೆ 05, ಸಿ5, ಸಿ6 ಮೌಲ್ಯಗಳನ್ನೂ ನೀಲಿ ಪರದೆಯಲ್ಲಿ ಕಂಡ ಹೆಸರನ್ನೂ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಎಸ್‌ಎಸ್‌ಡಿ ಹಾಕಿಸಿದ ಮೇಲೂ ನಿಮ್ಮ ಹೊರಗಿನ ಪ್ರತಿಯನ್ನು ಯಾರಿಗೂ ಖಾಲಿ ಮಾಡಿ ಕೊಡಬೇಡಿ.