ಎಲ್‌ಎಸ್‌ಡಿ ಸಂಶೋಧನೆ ನಿಂತಿದ್ದು ನಿಷೇಧದಿಂದಲೇ?

ಬರೀ ನಿಷೇಧದಿಂದಲ್ಲ, ಅದಕ್ಕೂ ಮೊದಲೇ ಕುಂಟತೊಡಗಿತ್ತು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಔಷಧ ಕಂಪನಿ ಭ್ರಮೆ ಹುಟ್ಟಿಸುವ ಈ ರಾಸಾಯನಿಕವನ್ನು 1947ರಿಂದ ‘ಡೆಲಿಸಿಡ್’ ಹೆಸರಲ್ಲಿ ಮನೋವೈದ್ಯರಿಗೆ ಕೊಡುತ್ತಿತ್ತು. ಔಷಧದ ಗುಣವನ್ನು ನಿಯಂತ್ರಿತ ಪ್ರಯೋಗದಿಂದಲೇ ಸಾಬೀತು ಮಾಡಬೇಕೆಂದು 1962ರಲ್ಲಿ ಅಮೆರಿಕದ ಕಾನೂನು ಹೇಳಿತು. ತೊಡಕು ಅಲ್ಲೇ. ಅಂಥ ಪ್ರಯೋಗದಲ್ಲಿ ತನಗೆ ಕೊಟ್ಟಿದ್ದು ಔಷಧವೋ ಬರೀ ಸಕ್ಕರೆ ಗುಳಿಗೆಯೋ ಎಂಬುದು ರೋಗಿಗೆ ತಿಳಿಯಬಾರದು. 0.1 ಮಿಲಿಗ್ರಾಂ ಎಲ್‌ಎಸ್‌ಡಿ ನುಂಗಿದವನಿಗೆ ಸುಮಾರು ಒಂದು ತಾಸಿನಲ್ಲಿ ತಿಳಿದೇಬಿಡುತ್ತದೆ. ಹುಬ್ಬಳ್ಳಿಯಲ್ಲಿ ಗಿರಮಿಟ್ ಜೊತೆ ಹಸಿಮೆಣಸಿನಕಾಯಿ ಕಡಿದವನಿಗೆ ‘ನೀ ಕಡದೇ ಇಲ್ಲ’ ಅಂದರೆ ನಂಬ್ತಾನೇನು?

ಆಮೇಲೆ ಬೀದಿ ಬಳಕೆ ಹೆಚ್ಚಿತು. 1970ರಲ್ಲಿ ಅಮೆರಿಕದ ನಿಷೇಧ ಕಾಯ್ದೆ, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂದು ಸಂಶೋಧನೆಗೆ ಪರವಾನಗಿಯ ಕಿಂಡಿಯಷ್ಟೇ ಉಳಿಯಿತು. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಕೈಯಲ್ಲಿರುವ ಎಲ್‌ಎಸ್‌ಡಿ 0.1 ಗ್ರಾಂ ಮೀರಿದರೆ ಕನಿಷ್ಠ 10 ವರ್ಷ ಸಜೆ.