ಒಂಬತ್ತು ಹೆಸರಿನ ಹಾಜರಿ ಪುಸ್ತಕ

"ಬಡವರನ್ನು ನೋಡಿಕೊಳ್ಳುವುದು ಚರ್ಚಿನ ಸಭೆಯ ಕೆಲಸ, ವಿಶ್ವಾಸಿಗಳ ಕೆಲಸ. ಸರ್ಕಾರ ಅದಕ್ಕೆ ಕೈ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ. ಹತ್ತನೇ ಕೆಲಸಗಾರನನ್ನು ತೆಗೆದುಕೊಂಡರೆ ನನಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಗಂಟು ಬೀಳುತ್ತದೆ. ಅದರ ಬದಲು ನಾನೇ ಅವರನ್ನು ನೋಡಿಕೊಂಡರೆ ಕ್ರೈಸ್ತನಾಗಿ ಅದೇ ಹೆಚ್ಚು ಸರಿಯಲ್ಲವೇ?" ಎಂದು ಕೇಳಿದ್ದೀರಿ. ಜೊತೆಗೆ ಬೈಬಲ್ಲಿನ ಪೌಲನ ಮಾತನ್ನೂ ಹಾಕಿದ್ದೀರಿ, ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಅಂತ.

ಆ ವಚನವನ್ನು ನಾನು ಎರಡು ಬಣ್ಣದಲ್ಲಿ ಅಚ್ಚು ಹಾಕಿ, ಚೌಕಟ್ಟು ಕಟ್ಟಿಸಿ, ನನ್ನ ಪ್ರೆಸ್ಸಿನಲ್ಲಿ ಕಟಿಂಗ್ ಮಶಿನ್ ಮೇಲಿನ ಗೋಡೆಗೆ ತೂಗುಹಾಕಿದ್ದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಬೇರೆಯವರ ಪ್ರಶ್ನೆ ಅನ್ನಿಸಲೇ ಇಲ್ಲ.

ನಮ್ಮ ಮನೆತನ ಬೆಟಗೇರಿಯದು, ಬಾಸೆಲ್ ಮಿಷನ್ ಕಾಲದಿಂದ ಪ್ರಾಟೆಸ್ಟಂಟರು. ಪ್ರೆಸ್ಸು ಮಾತ್ರ ಹುಬ್ಬಳ್ಳಿಯಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಚುನಾವಣೆ ಬಂದರೆ ಕರಪತ್ರ. 2017ರಲ್ಲಿ ನನ್ನ ಹತ್ತಿರ ಹನ್ನೆರಡು ಜನ ಇದ್ದರು. ಹಾಜರಿ ಪುಸ್ತಕದಲ್ಲಿ ಒಂಬತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದೇ ಲೆಕ್ಕ ಹಾಕುತ್ತಿದ್ದೀರಿ. ಕಾರ್ಖಾನೆಯಲ್ಲಿ ಹತ್ತು ಜನ ಆದರೆ ಇಎಸ್‌ಐ ಅನ್ವಯಿಸುತ್ತದೆ. ಒಮ್ಮೆ ಒಳಗೆ ಹೋದರೆ ಆಮೇಲೆ ಜನ ಕಡಿಮೆಯಾದರೂ ಹೊರಗೆ ಬರಲು ಆಗುವುದಿಲ್ಲ. ಅದಕ್ಕೇ ಎಲ್ಲರೂ ಒಂಬತ್ತಕ್ಕೆ ನಿಲ್ಲುವುದು. ನಮ್ಮ ಲೆಕ್ಕಪತ್ರ ನೋಡುವವರು ಒಂಬತ್ತು ಹೆಸರು ಬರೆದು, "ಉಳಿದವರದ್ದು ಬೇರೆ ಇಡ್ರಿ, ಎಲ್ಲಾರೂ ಹಿಂಗ ಮಾಡೋದು" ಅಂದರು. ನಾನು ಒಂದು ನೀಲಿ ರಟ್ಟಿನ ನೋಟ್‌ಬುಕ್ ತಂದೆ. ಅದರಲ್ಲಿ ಮೂರು ಹೆಸರು. ಪ್ರತಿ ತಿಂಗಳು 7ನೇ ತಾರೀಖು ಬಟವಾಡೆ. ಒಂಬತ್ತು ಜನ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದರು, ಮೂವರು ಸಹಿ ಇಲ್ಲದೆ.

ಉಳಿಯುತ್ತಿದ್ದದ್ದು ಎಷ್ಟು ಗೊತ್ತಾ? ಸರಾಸರಿ ಪಗಾರ 9,000. ಆಗ ಇಎಸ್‌ಐಗೆ ಮಾಲಕ ಕಟ್ಟಬೇಕಾದ ಪಾಲು ಪಗಾರದ ನೂರಕ್ಕೆ 4.75. ಹನ್ನೆರಡು ಜನರಿಗೆ ತಿಂಗಳಿಗೆ 5,130 ರೂಪಾಯಿ. ನಾನು ಒಂದು ಕೆಲಸಗಾರನ ಮಗಳ ಶಾಲೆ ಫೀ ಕಟ್ಟುತ್ತಿದ್ದೆ, ಕ್ರಿಸ್ಮಸ್‌ಗೆ ಎಲ್ಲರಿಗೂ ಬಟ್ಟೆ ಕೊಡಿಸುತ್ತಿದ್ದೆ, ಯಾರಾದರೂ ಮಲಗಿದರೆ ಔಷಧಿಗೆ ಐನೂರೋ ಸಾವಿರವೋ ಕೈಗೆ ಇಡುತ್ತಿದ್ದೆ. ಎಲ್ಲ ಕೂಡಿಸಿದರೆ ತಿಂಗಳಿಗೆ ಎರಡು ಸಾವಿರ ಆಗುತ್ತಿತ್ತೇನೋ. ಅಂದರೆ ಅವರಿಗೆ ಸೇರಬೇಕಾದ ಐದು ಸಾವಿರ ಇಟ್ಟುಕೊಂಡು, ಅದರಲ್ಲೇ ಎರಡು ಸಾವಿರ ತಿರುಗಿ ಅವರಿಗೇ ಕೊಟ್ಟು, ಧರ್ಮಾತ್ಮ ಅನ್ನಿಸಿಕೊಳ್ಳುತ್ತಿದ್ದೆ. ಈ ಲೆಕ್ಕ ಆಗ ಹೊಳೆಯಲಿಲ್ಲ. "ನಮ್ಮ ಪ್ರೆಸ್ಸು ಒಂದು ಕುಟುಂಬ ಇದ್ದಂಗ, ಸರ್ಕಾರದ ಡಿಸ್ಪೆನ್ಸರಿ ಸಾಲಿನಾಗ ಯಾಕ ನಿಲ್ಲಿಸ್ಲಿ?" ಅಂತ ಸಭೆಯ ಸಾಕ್ಷಿ ಕೂಟದಲ್ಲಿ ಹೇಳಿದ್ದೂ ಇದೆ. ನಾಲ್ಕು ಜನ ಆಮೆನ್ ಅಂದರು.

ಒಳಗಿನ ಮಾತು ಹೇಳಿಬಿಡುತ್ತೇನೆ. ಐನೂರು ರೂಪಾಯಿ ತೆಗೆದುಕೊಳ್ಳುವಾಗ ಅವರು ಕೈ ಮುಗಿಯುತ್ತಿದ್ದರಲ್ಲ, ಅದು ನನಗೆ ಬೇಕಾಗಿತ್ತು. ಇಎಸ್‌ಐ ಚಲನ್ ಕಟ್ಟಿದರೆ ಯಾರೂ ಕೈ ಮುಗಿಯುವುದಿಲ್ಲ.

ಆ ವರ್ಷ ನವೆಂಬರ್. ಚಿನ್ನದಂಗಡಿಯೊಂದರ ಕ್ಯಾಲೆಂಡರ್ ಆರ್ಡರ್, ರಾತ್ರಿ ಪಾಳಿಯೂ ನಡೆದಿತ್ತು. ಕಟಿಂಗ್ ಮಶಿನ್‌ಗೆ ಎರಡು ಬಟನ್ ಇರುತ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡ್ ಇಳಿಯಬೇಕು. ಕೈ ಒಳಗೆ ಉಳಿಯಬಾರದು ಅಂತಲೇ ಆ ಏರ್ಪಾಡು. ನಮ್ಮಲ್ಲಿ ಒಂದು ಬಟನ್ನಿಗೆ ಟೇಪ್ ಸುತ್ತಿ, ಒತ್ತಿದ ಹಾಗೇ ಇಟ್ಟಿದ್ದರು, ಕೆಲಸ ಬೇಗ ಆಗಲಿ ಅಂತ. ನಾನು ದಿನಾ ಅದರ ಮುಂದೆ ಓಡಾಡುತ್ತಿದ್ದೆ. ಟೇಪ್ ಕಂದು ಬಣ್ಣದ್ದು, ಅಂಚು ಕೊಳೆಯಾಗಿ ಕಪ್ಪಾಗಿತ್ತು. ಅಷ್ಟು ದಿನದಿಂದ ಇತ್ತು ಅಂತ ಅರ್ಥ.

ನೀಲಿ ನೋಟ್‌ಬುಕ್ಕಿನ ಮೂವರಲ್ಲಿ ಒಬ್ಬ ಕುಂದಗೋಳ ಕಡೆಯ ಹುಡುಗ, ಇಪ್ಪತ್ತಮೂರು ವರ್ಷ. ರಾತ್ರಿ ಹತ್ತೂವರೆಗೆ ಅವನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಫಾರ್ಮ್ ತುಂಬುವಾಗ "ಎಲ್ಲಿ ಕೆಲಸ?" ಅಂತ ಕೇಳಿದರು. "ಕೆಲಸದವನಲ್ಲ, ಪರಿಚಯದ ಹುಡುಗ, ನೋಡಲು ಬಂದಿದ್ದ" ಅಂದೆ. ಅವನು ಅಲ್ಲೇ ಸ್ಟ್ರೆಚರ್ ಮೇಲೆ ಇದ್ದ. ನನ್ನ ಕಡೆ ನೋಡಿದ. ಏನೂ ಅನ್ನಲಿಲ್ಲ.

ಬಿಲ್ ಎಲ್ಲ ನಾನೇ ಕಟ್ಟಿದೆ. ಅವನ ತಾಯಿಯ ಕೈ ಹಿಡಿದು, "ಜೀವನಪೂರ್ತಿ ನೋಡಿಕೊಳ್ಳುತ್ತೇನೆ" ಅಂತ ಮಾತು ಕೊಟ್ಟು, ಅವರ ಜೊತೆ ಪ್ರಾರ್ಥನೆ ಮಾಡಿದೆ. ತಿಂಗಳಿಗೆ 5,000 ಅಂತ ಮಾತಾಯಿತು. ಕೊಡುವ ಮನಸ್ಸಿತ್ತು ನೋಡಿ, ಅದರಲ್ಲಿ ಕಳ್ಳತನ ಇರಲಿಲ್ಲ. ಒಂದು ವರ್ಷ ತಪ್ಪದೆ ಕೊಟ್ಟೆ. ಆಮೇಲೆ ಲಗ್ನಪತ್ರಿಕೆಗಳೆಲ್ಲ ವಾಟ್ಸಾಪ್‌ಗೆ ಹೋದವು. ಸಾವಿರ ಹಾಕಿಸುತ್ತಿದ್ದವರು ಇನ್ನೂರು ಸಾಕು ಅನ್ನತೊಡಗಿದರು. 5,000 ಹೋಗಿ 3,000 ಆಯಿತು, ಒಂದೆರಡು ತಿಂಗಳು ಆಗಲೇ ಇಲ್ಲ.

ತಾಯಿ ಬಸ್ಸು ಹಿಡಿದು ಬರತೊಡಗಿದಳು. ಕೌಂಟರ್ ಹತ್ತಿರ ಬರುತ್ತಿರಲಿಲ್ಲ. ಹೊರಗೆ ಪೇಪರ್ ಬಂಡಲ್ ಪಕ್ಕದಲ್ಲಿ ನಿಲ್ಲುತ್ತಿದ್ದಳು, ಗಿರಾಕಿ ಹೋದ ಮೇಲೆ, "ಮಾಲಕ್ರ, ಈ ತಿಂಗಳದ್ದು ಕೊಡ್ತೀರೇನ್ರಿ?" ಅನ್ನುತ್ತಿದ್ದಳು. ಒಂದು ದಿನ ಗಿರಾಕಿ ಎದುರಿಗೇ ಕೇಳಿದಳು. ನನಗೆ ಸಿಟ್ಟು ಬಂತು. "ಇನ್ನೊಂದು ಕೈ ಐತೆಲ್ಲ, ಎಲ್ಲೆರೆ ಕೆಲಸಕ್ಕ ಹಚ್ಚು. ಕೂತು ಉಣ್ಣೋದು ರೂಢಿ ಆಗಬಾರದು" ಅಂದುಬಿಟ್ಟೆ. ಗೋಡೆಯ ಮೇಲೆ ಪೌಲನ ವಚನ ಇತ್ತು. ಆಕೆಗೆ ಓದಲು ಬರುತ್ತಿರಲಿಲ್ಲ, ಅದೊಂದೇ ಪುಣ್ಯ.

ಆಮೇಲೆ ಅವಳು ಬರಲಿಲ್ಲ. ಯಾರೋ ತಿಳಿದವರು ಅವರನ್ನು ಇಎಸ್‌ಐ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಇದು ನನಗೆ ಗೊತ್ತೇ ಇರಲಿಲ್ಲ: ಮಾಲಕ ನೋಂದಾಯಿಸದೆ ಇದ್ದರೂ ಕೆಲಸಗಾರನ ಹಕ್ಕು ಹೋಗುವುದಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಇಎಸ್‌ಐಯವರು ಅವನಿಗೆ ಕೊಡುತ್ತಾರೆ, ಆಮೇಲೆ ನನ್ನಿಂದ ವಸೂಲಿ ಮಾಡುತ್ತಾರೆ. ತಪಾಸಣೆಗೆ ಬಂದರು. ನಾನು ಹಾಜರಿ ಪುಸ್ತಕ ತೋರಿಸಿದೆ. ಬಂದವರು ಪುಸ್ತಕ ಮುಚ್ಚಿ, ಒಳಗೆ ಹೋಗಿ ತಲೆ ಎಣಿಸಿದರು.

ಹಳೇ ಬಾಕಿ, ಬಡ್ಡಿ, ದಂಡ, ಅವನ ಜೀವಮಾನದ ಪಿಂಚಣಿಯ ಮೊತ್ತ, ಎಲ್ಲ ಸೇರಿ ಏಳು ಲಕ್ಷಕ್ಕೆ ಹತ್ತಿರ ಆಯಿತು. ಬೆಟಗೇರಿಯಲ್ಲಿ ಅಪ್ಪ ಬಿಟ್ಟುಹೋದ ಸೈಟು ಮಾರಿದೆ. ತಿಂಗಳಿಗೆ 5,130 ಉಳಿಸಿದ್ದಕ್ಕೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಎಸ್‌ಐ ಅವನಿಗೆ ಕೊಡುವುದು ನನಗಿಂತ ಕಡಿಮೆ. ವೈದ್ಯರ ಮಂಡಳಿ ಅವನ ದುಡಿಮೆಯ ಶಕ್ತಿ ನೂರಕ್ಕೆ ಮೂವತ್ತು ಹೋಗಿದೆ ಅಂದಿತು. ಪಗಾರದ ನೂರಕ್ಕೆ ತೊಂಬತ್ತರಲ್ಲಿ ಅಷ್ಟು ಪಾಲು. ತಿಂಗಳಿಗೆ ಎರಡೂವರೆ ಸಾವಿರದ ಒಳಗೇ. ನಾನು ಐದು ಕೊಡುತ್ತಿದ್ದೆ! ಆದರೆ ಅದು ಬ್ಯಾಂಕಿಗೆ ಬರುತ್ತದೆ. ನನ್ನ ವ್ಯಾಪಾರ ಬಿದ್ದರೂ ಬರುತ್ತದೆ, ನಾನು ಸತ್ತರೂ ಬರುತ್ತದೆ. ಅವನ ತಾಯಿ ಯಾರ ಬಂಡಲ್ ಪಕ್ಕದಲ್ಲೂ ನಿಲ್ಲಬೇಕಾಗಿಲ್ಲ.

ಸರ್ಕಾರವೋ ಸಭೆಯೋ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ನಮ್ಮಂಥ ಮಾಲಕರಿಗೆ ಅನುಕೂಲವಾದ ಪ್ರಶ್ನೆ. ಬೈಬಲ್ಲಿನ ಧರ್ಮೋಪದೇಶಕಾಂಡ 22ನೇ ಅಧ್ಯಾಯ ತೆಗೆದು ನೋಡಿ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟು, ಇಲ್ಲದಿದ್ದರೆ ಯಾರಾದರೂ ಬಿದ್ದಾಗ ಆ ರಕ್ತ ನಿನ್ನ ಮನೆಯ ಮೇಲೆ ಇರುತ್ತದೆ ಅನ್ನುತ್ತದೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೇಸಿಗೆ ರಾತ್ರಿ ಮೇಲೆ ಮಲಗಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿದ್ದವನಿಗೆ ದಯೆ ತೋರಿಸು ಅಂತ ಅಲ್ಲಿಲ್ಲ. ಮೊದಲು ಗೋಡೆ ಕಟ್ಟು ಅಂತಿದೆ. ಅದು ದಾನ ಅಲ್ಲ, ಕಟ್ಟಡದ ಕಾನೂನು. ಯಾಜಕಕಾಂಡದಲ್ಲಿ ಹೊಲದ ಮೂಲೆಯ ಪೈರನ್ನು ಕೊಯ್ಯದೆ ಬಡವರಿಗೆ ಬಿಡು ಅಂತ ಇರುವುದೂ ಹಾಗೇ. ಮೂಲೆಯ ಪೈರು ಮಾಲಕ ಖುಷಿಯಾದಾಗ ಹಂಚುವ ಸಾಮಾನಲ್ಲ.

ಪೌಲನ ಮಾತಿಗೆ ಬಂದರೆ, ಕನ್ನಡ ಬೈಬಲ್‌ನಲ್ಲೇ ಉತ್ತರ ಇದೆ. ಮಾಡಲು "ಒಲ್ಲದವನು" ಅಂತಿದೆ, "ಆಗದವನು" ಅಂತಿಲ್ಲ. ಧಾರವಾಡ ಸೀಮೆಯಲ್ಲಿ ಹುಟ್ಟಿ, ದಿನಕ್ಕೆ ಹತ್ತು ಸಲ ಒಲ್ಲೆ ಒಲ್ಲೆ ಅನ್ನುವ ನನಗೇ ಆ ವ್ಯತ್ಯಾಸ ಕಾಣಲಿಲ್ಲ. ಥೆಸಲೋನಿಕದಲ್ಲಿ ಕೆಲಸ ಬಿಟ್ಟು ಊರ ಉಸಾಬರಿ ಮಾಡುತ್ತಿದ್ದವರಿಗೆ ಅವನು ಅದನ್ನು ಬರೆದ. ಅದೇ ಪೌಲ ಯೆರೂಸಲೇಮಿನ ಬಡವರಿಗಾಗಿ ಊರೂರಿನ ಸಭೆಗಳಿಂದ ಹಣ ಕೂಡಿಸಿದ. ಹಾಗೆ ಕೂಡಿಸಿದ್ದನ್ನು ಯಾರೂ ಚೌಕಟ್ಟು ಕಟ್ಟಿಸಿ ತೂಗುಹಾಕುವುದಿಲ್ಲ, ನಾನೂ ಹಾಕಲಿಲ್ಲ.

ಇನ್ನೊಂದು ಮಾತು. ಜರ್ಮನಿಯಲ್ಲಿ ರೈಫೈಸನ್ ಅಂತ ಒಬ್ಬ ಪ್ರಾಟೆಸ್ಟಂಟ್ ಮೇಯರ್ ಇದ್ದ, ದೈವಭಕ್ತ. 1846-47ರ ಬರಗಾಲದಲ್ಲಿ ಉಳ್ಳವರಿಂದ ದುಡ್ಡು ಎತ್ತಿ ಬಡವರಿಗೆ ರೊಟ್ಟಿಯ ವ್ಯವಸ್ಥೆ ಮಾಡಿದ. ಬರಬರುತ್ತಾ ಉಳ್ಳವರ ಔದಾರ್ಯ ಬಹಳ ದಿನ ನಡೆಯುವುದಿಲ್ಲ ಅಂತ ಅವನಿಗೆ ಗೊತ್ತಾಯಿತು. 1864ರ ಹೊತ್ತಿಗೆ ದಾನ ಬಿಟ್ಟು, ಸದಸ್ಯರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲದ ಸಂಘ ಕಟ್ಟಿದ. ಆ ಮಾದರಿ ನೋಡಿಯೇ ಇಲ್ಲಿ 1904ರ ಸಹಕಾರಿ ಕಾಯ್ದೆ ಬಂತು, 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಶುರು ಮಾಡಿದರು. ಬೆಟಗೇರಿಯಿಂದ ಅಷ್ಟು ಹತ್ತಿರದ ಊರು. ಚಿಕ್ಕಂದಿನಿಂದ ಹೆಸರು ಕೇಳಿದ್ದೆ, ಸುಮ್ನೆ ಸಾಮಾನ್ಯ ಜ್ಞಾನದ ಪ್ರಶ್ನೆ ಅಂದುಕೊಂಡಿದ್ದೆ. ರೈಫೈಸನ್‌ಗೆ ಒಂದು ಬರಗಾಲದಿಂದ ಶುರುವಾದ ಪಾಠ ನನಗೆ ಎರಡು ಬೆರಳು ಹೋದ ಮೇಲೆ ತಲೆಗೆ ಹೋಯಿತು, ಅದೂ ಬೇರೆಯವನ ಬೆರಳು.

ಸರ್ಕಾರ ಕೈ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ ಅಂದಿರಲ್ಲ, ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023ರಿಂದ ನಮ್ಮ ಬೈಂಡಿಂಗ್ ವಿಭಾಗದ ಇಬ್ಬರು ಹೆಂಗಸರಿಗೆ ಗೃಹಲಕ್ಷ್ಮಿಯ 2,000 ಬರುತ್ತಿದೆ, ಒಮ್ಮೊಮ್ಮೆ ತಡವಾಗಿ. ಇಬ್ಬರೂ ಒಂದು ದಿನ ಕೆಲಸ ಬಿಟ್ಟಿಲ್ಲ. ಒಬ್ಬಳು ಚೀಟಿ ಕಟ್ಟುತ್ತಾಳೆ. ಆಗಿರುವ ಬದಲಾವಣೆ ಒಂದೇ, ನನ್ನ ಹತ್ತಿರ ಮುಂಗಡ ಕೇಳಲು ಬರುವುದು ಕಡಿಮೆಯಾಗಿದೆ. ಸರ್ಕಾರ ದುಡ್ಡು ಎಲ್ಲಿಂದ ತರುತ್ತದೆ, ರಸ್ತೆಗೆ ಉಳಿಯುತ್ತದೋ ಇಲ್ಲವೋ ಅಂತ ಜಗಳ ಆಡಿ, ಆಡಬೇಕಾದದ್ದೇ. "ಸೋಮಾರಿ" ಅನ್ನುವ ಮಾತು ಮಾತ್ರ ಬೇಡ. ಅದನ್ನು ನಾನು ಯಾರಿಗೆ ಅಂದೆ ಅಂತ ಮೇಲೆ ಓದಿದ್ದೀರಿ.

ಸಭೆಗೆ ಕೆಲಸ ಇಲ್ಲವಾ ಅಂದರೆ, ಬೇಕಾದಷ್ಟಿದೆ. ಫಾರ್ಮ್ ತುಂಬಿಕೊಡಿ, ಕಚೇರಿಗೆ ಜೊತೆಗೆ ಹೋಗಿ. ಆ ತಾಯಿ ಮಗನನ್ನು ಅಂದು ಇಎಸ್‌ಐ ಕಚೇರಿಗೆ ಕರೆದುಕೊಂಡು ಹೋದವರು ಯಾರು ಅಂತ ನನಗೆ ಇಂದಿಗೂ ಗೊತ್ತಿಲ್ಲ, ನಮ್ಮ ಸಭೆಯವರಂತೂ ಅಲ್ಲ.

ಹತ್ತನೇ ಮನುಷ್ಯನನ್ನು ತೆಗೆದುಕೊಳ್ಳಿ, ಹೆಸರು ಬರೆಯಿರಿ, ನೋಂದಾಯಿಸಿ. 2019ರ ಜುಲೈಯಿಂದ ಮಾಲಕನ ಪಾಲು 3.25ಕ್ಕೆ ಇಳಿದಿದೆ, ನನಗಿಂತ ಅಗ್ಗದಲ್ಲಿ ಆಗುತ್ತದೆ. ಅದು ಕಟ್ಟಿದ ಮೇಲೆ ಕೈಯಲ್ಲಿ ಉಳಿದರೆ ಶಾಲೆ ಫೀ ಕಟ್ಟಿ, ಬಟ್ಟೆ ಕೊಡಿಸಿ, ಯಾರು ಬೇಡ ಅಂದರು? ಮಶಿನ್ ಬಟನ್ ಮೇಲೆ ಟೇಪ್ ಇದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಹೋಗಿ ಕಿತ್ತುಹಾಕಿ.

ಹುಡುಗ ಈಗ ಕುಂದಗೋಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಮದುವೆಯಾದ. ಪತ್ರಿಕೆ ನನಗೂ ಕಳಿಸಿದ್ದ, ಅಂಚೆಯಲ್ಲಿ. ಬೇರೆ ಪ್ರೆಸ್ಸಿನಲ್ಲಿ ಹಾಕಿಸಿದ್ದು. ಕಾಗದ ಒಳ್ಳೆಯದೇ ಇತ್ತು, ಕಟಿಂಗ್ ಮಾತ್ರ ಒಂದು ಕಡೆ ನೂಲಿನಷ್ಟು ಓರೆ.