ನಿಮ್ಮ ಜಪಾನ್ ಲೇಖನದ ಬಗ್ಗೆ

ಆತ್ಮೀಯರೇ,

‘ಮತ್ತೆ ಕತ್ತಿ ಹಿರಿದ ಜಪಾನ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಬದಿಗಿಡಲೂ ಮನಸ್ಸಿಲ್ಲ. ಪೂರ್ವ ಏಷ್ಯಾದ ಬಗ್ಗೆ ಇಷ್ಟು ಓದಿಕೊಂಡು ಕನ್ನಡದಲ್ಲಿ ಬರೆಯುವವರು ಕಡಿಮೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಕತ್ತಿ, ಸಮುರಾಯ್, ಉದಯಸೂರ್ಯನ ನಾಡು ಮೂರೂ ಮೊದಲ ಪುಟದಲ್ಲೇ ಬಂದಿವೆ. ಮೂರನ್ನೂ ತೆಗೆಯಿರಿ, ತಲೆಬರಹವನ್ನೂ ಬದಲಿಸಿ.

ದೊಡ್ಡ ತೊಡಕಿರುವುದು ನಾಲ್ಕನೇ ಪ್ಯಾರಾದಲ್ಲಿ. ‘ಚೀನಾ, ದಕ್ಷಿಣ ಕೊರಿಯಾ, ರಷ್ಯಾಗಳೊಂದಿಗೆ ಜಪಾನಿಗೆ ದ್ವೀಪಗಳ ಜಗಳವಿದೆ’ ಎಂದು ಮೂರನ್ನೂ ಒಂದೇ ಗಂಟು ಕಟ್ಟಿ ಮುಂದೆ ಹೋಗಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ. ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗುಚ್ಛ ಜಪಾನಿನ ಕೈಯಲ್ಲಿದೆ, ಚೀನಾ ಮತ್ತು ತೈವಾನ್ ತಮ್ಮದೆನ್ನುತ್ತಿವೆ. ತಕೆಶಿಮಾ ದಕ್ಷಿಣ ಕೊರಿಯಾದ ಕೈಯಲ್ಲಿದೆ, ಅವರಿಗೆ ಅದು ದೊಕ್ದೊ. ಉತ್ತರದ ಹೊಕ್ಕೈಡೊ ಬಳಿಯ ಎತೊರೊಫು, ಕುನಾಶಿರಿ, ಶಿಕೊತಾನ್, ಹಬೊಮಾಯಿ ದ್ವೀಪಗಳನ್ನು 1945ರಲ್ಲಿ ಸೋವಿಯತ್ ಪಡೆಗಳು ಹಿಡಿದುಕೊಂಡವು, ಇಂದಿಗೂ ರಷ್ಯಾ ಬಿಟ್ಟುಕೊಟ್ಟಿಲ್ಲ. ಹಾಗಾಗಿಯೇ ಜಪಾನ್ ಸರ್ಕಾರ ಸೆಂಕಾಕು ವಿಷಯದಲ್ಲಿ ‘ಇತ್ಯರ್ಥವಾಗಬೇಕಾದ ವಿವಾದವೇ ಇಲ್ಲ’ ಎನ್ನುತ್ತದೆ. ತಕೆಶಿಮಾ ವಿಷಯದಲ್ಲಾದರೆ 1954ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣ ಎಂದಿತ್ತು. ಕೈಯಲ್ಲಿ ಹಿಡಿದುಕೊಂಡವರ ಮಾತು ಬೇರೆ, ಕಳೆದುಕೊಂಡೆವು ಎನ್ನುವವರ ಮಾತು ಬೇರೆ.

ಈಗ 1960ರ ಅಮೆರಿಕ–ಜಪಾನ್ ಭದ್ರತಾ ಒಪ್ಪಂದದ ಐದನೇ ವಿಧಿಯನ್ನು ತೆಗೆದು ಓದಿ. ದಾಳಿಯಾದರೆ ಇಬ್ಬರೂ ಸೇರಿ ಕಾಯಬೇಕಾದದ್ದು ಜಪಾನಿನ ‘ಆಡಳಿತದಲ್ಲಿರುವ ಪ್ರದೇಶಗಳು’ ಎಂದಿದೆ. ಜಪಾನ್ ತನ್ನದೆನ್ನುವ ಪ್ರದೇಶಗಳು ಎಂದಿಲ್ಲ. 2014ರ ಏಪ್ರಿಲ್‌ನಲ್ಲಿ ಟೋಕಿಯೊಗೆ ಬಂದ ಒಬಾಮಾ ಈ ವಿಧಿ ಸೆಂಕಾಕುವಿಗೆ ಅನ್ವಯಿಸುತ್ತದೆ ಎಂದರು. ಅದರ ಒಡೆತನ ಯಾರದೆಂಬ ಬಗ್ಗೆ ಮಾತ್ರ ನಿಲುವು ತಾಳಲಿಲ್ಲ. ಉಳಿದೆರಡಕ್ಕೆ ಆ ರಕ್ಷಣೆ ಇಲ್ಲ. ‘ಆಡಳಿತ’ ಎಂಬ ಈ ಒಂದು ಪದದ ಸುತ್ತ ಲೇಖನವನ್ನು ಮತ್ತೆ ಕಟ್ಟಿ. ಚೀನಾದ ಗಸ್ತು ಹಡಗುಗಳು ಸೆಂಕಾಕು ಸುತ್ತಲಿನ ನೀರಿಗೆ ಮತ್ತೆ ಮತ್ತೆ ಬರುವುದೇಕೆ ಎಂಬುದಕ್ಕೂ ಉತ್ತರ ಅಲ್ಲಿಂದಲೇ ಸಿಗುತ್ತದೆ: ಆಡಳಿತ ನಡೆಸುತ್ತಿರುವುದು ಜಪಾನ್ ಒಂದೇ ಅಲ್ಲ ಎಂದು ತೋರಿಸುವುದು ಅವರಿಗೆ ಬೇಕು.

2012ರಲ್ಲಿ ಜಪಾನ್ ಸೆಂಕಾಕುವನ್ನು ‘ವಶಪಡಿಸಿಕೊಂಡಿತು’ ಎಂದು ಬರೆದಿದ್ದೀರಿ. ತಪ್ಪು. ಮೂರು ದ್ವೀಪಗಳನ್ನು ಖಾಸಗಿ ಒಡೆಯರಿಂದ 205 ಕೋಟಿ ಯೆನ್‌ಗೆ ಕೊಂಡಿತು. ಟೋಕಿಯೊ ಗವರ್ನರ್ ಇಶಿಹಾರಾ ಕೊಳ್ಳಲು ಹೊರಟಿದ್ದರು. ಅವರ ಕೈಗೆ ಹೋದರೆ ಗಲಾಟೆ ಹೆಚ್ಚೀತೆಂದು ಪ್ರಧಾನಿ ನೋಡಾ ಅವರ ಸರ್ಕಾರ ನಡುವೆ ಬಂತು, ಆದರೂ ಚೀನಾದ ಬೀದಿಗಳು ಹೊತ್ತಿಕೊಂಡವು. ಈ ಕಥೆಯನ್ನು ಒಂದು ಕ್ರಿಯಾಪದ ನುಂಗಿಬಿಟ್ಟಿದೆ.

‘ಮೈತ್ರಿ’ ಪದವನ್ನೂ ಕಂಡಕಂಡಲ್ಲಿ ಬಳಸಿದ್ದೀರಿ. ಪರಸ್ಪರ ರಕ್ಷಣೆಯ ಒಪ್ಪಂದ ಜಪಾನಿಗಿರುವುದು ಅಮೆರಿಕದ ಜೊತೆ ಮಾತ್ರ. ಆಸ್ಟ್ರೇಲಿಯಾ (2022), ಬ್ರಿಟನ್ (2023), ಫಿಲಿಪ್ಪೀನ್ಸ್ (2024) ಜೊತೆ ಸಹಿಯಾದದ್ದು ಒಬ್ಬರ ಸೈನಿಕರು ಇನ್ನೊಬ್ಬರ ನೆಲಕ್ಕೆ ತಾಲೀಮಿಗೆ ಬಂದಾಗ ಅನ್ವಯಿಸುವ ನಿಯಮಗಳಿಗೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತಗಳ ಕೂಟವಾದ ಕ್ವಾಡ್ ಅಂತೂ ಒಪ್ಪಂದವೇ ಅಲ್ಲ. ಭಾರತದ ಓದುಗರು ಇದನ್ನು ಮೊದಲು ಕೇಳುತ್ತಾರೆ. ಇನ್ನೊಂದು ಲೆಕ್ಕದ ತಪ್ಪು: 2023ರಿಂದ ಐದು ವರ್ಷಗಳ ರಕ್ಷಣಾ ವೆಚ್ಚ 43 ಲಕ್ಷ ಕೋಟಿ ಯೆನ್, 43 ಸಾವಿರ ಕೋಟಿ ಅಲ್ಲ.

ನಿಮ್ಮ ಲೇಖನದಲ್ಲಿ ದೇಶಗಳು ಸಿಡಿಮಿಡಿಗೊಳ್ಳುತ್ತವೆ, ಗುರಾಯಿಸುತ್ತವೆ. ಮನುಷ್ಯರು ಮಾತ್ರ ಎಲ್ಲಿಯೂ ಇಲ್ಲ. ಹೊಕ್ಕೈಡೊದ ನೊಸಪ್ಪು ಭೂಶಿರದ ತುದಿಯಿಂದ ರಷ್ಯಾದ ಹಿಡಿತದ ಕೈಗರ ದ್ವೀಪ ಬರೀ 3.7 ಕಿಲೋಮೀಟರ್. ಅಲ್ಲಿನ ದೀಪಸ್ತಂಭ ಬರಿಗಣ್ಣಿಗೆ ಕಾಣುತ್ತದೆ. ಅದರ ಸುತ್ತಲಿನ ಕಡಲಪಾಚಿಯನ್ನು ಕೀಳಲು ಭೂಶಿರವಿರುವ ನೆಮುರೊ ಊರಿನ ಮೀನುಗಾರರು 1963ರ ಒಪ್ಪಂದದಂತೆ ಆಚೆಯವರಿಗೆ ಶುಲ್ಕ ಕೊಡುತ್ತಾ ಬಂದಿದ್ದಾರೆ. ತಮ್ಮ ಸರ್ಕಾರ ‘ನಮ್ಮದು’ ಎನ್ನುವ ನೀರಿಗೆ ಅವರು ಹಣ ಕಟ್ಟುತ್ತಾರೆ! ಈ ಒಂದು ಸಂಗತಿ ನಿಮ್ಮ ಆರನೇ ಪುಟದ ವಾದವನ್ನೆಲ್ಲ ಹೊರಬಲ್ಲದು. ಅಲ್ಲಿಂದ ಆರಂಭಿಸಿ.

ಜಪಾನಿನ ದಕ್ಷಿಣದ ದ್ವೀಪ ಪ್ರಾಂತ ಒಕಿನಾವಾವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ದೇಶದ ನೆಲದಲ್ಲಿ ಅದರ ಪಾಲು ಸುಮಾರು 0.6 ಶೇಕಡಾ. ಅಮೆರಿಕದ ಪಡೆಗಳಿಗೆಂದೇ ಮೀಸಲಾದ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು 70 ಶೇಕಡಾ ಅಲ್ಲಿಯೇ ಇದೆ. ಭದ್ರತಾ ಒಪ್ಪಂದದ ಬೆಲೆ ತೆರುತ್ತಿರುವವರು ಅಲ್ಲಿನ ಜನ.

ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಜೊತೆಗೊಂದು ನಕ್ಷೆ ಇರಲಿ, ತೈವಾನಿನಿಂದ 110 ಕಿಲೋಮೀಟರ್ ದೂರದ ಜಪಾನಿನ ಯೊನಗುನಿ ದ್ವೀಪ ಅದರಲ್ಲಿ ಕಾಣಬೇಕು. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ